ಕಚ್ಚಿ ಕೂತ ಸೆಂಟರ್ ಕ್ಯಾಪ್: ಅಲಾಯ್‌ಗೆ ಗಾಯವಾಗದಂತೆ ತೆಗೆಯುವ ಬಗೆ

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ, ಟೈರ್ ಅಂಗಡಿಯ ಮುಂದೆ ಬಿಚ್ಚಿ ಒರಗಿಸಿಟ್ಟ ಹಳೆಯ ಅಲಾಯ್ ವೀಲ್‌ಗಳನ್ನು ಹತ್ತಿರ ಹೋಗಿ ನೋಡಿ. ಕಂಪನಿಯ ಲಾಂಛನವಿರುವ ದುಂಡು ಮುಚ್ಚಳ, ಅಂದರೆ ಸೆಂಟರ್ ಕ್ಯಾಪ್, ಕೂರುವ ನಡುತೂತಿನ ಅಂಚಿನಲ್ಲಿ ಉಗುರಿನಷ್ಟಗಲದ ಕಚ್ಚು ಎಷ್ಟೋ ಚಕ್ರಗಳಲ್ಲಿ ಕಾಣುತ್ತದೆ. ಅದು ಕಲ್ಲು ಬಡಿದು ಆದದ್ದಲ್ಲ, ಗುಂಡಿಗೆ ಇಳಿದು ಆದದ್ದೂ ಅಲ್ಲ. ಸ್ಕ್ರೂಡ್ರೈವರ್ ಆನಿಸಿ ಮೀಟಿದ ಜಾಗ ಅದು. ವೀಲ್ ಬ್ಯಾಲೆನ್ಸಿಂಗ್ ಯಂತ್ರದ ಕೋನ್ ನಡುತೂತಿನಲ್ಲಿ ಕೂರಬೇಕಾದಾಗ, ಬೇರಿಂಗ್ ಬಳಿಯ ದೊಡ್ಡ ನಟ್ ನೋಡಬೇಕಾದಾಗ, ಗಾಲಿಗೆ ಹೊಸ ಬಣ್ಣ ಹೊಡೆಸುವಾಗ ಈ ಮುಚ್ಚಳವನ್ನು ತೆಗೆಯಲೇಬೇಕು. ಅದು ಬಾರದಿದ್ದಾಗ ಕೈ ತಾನಾಗಿ ಸ್ಕ್ರೂಡ್ರೈವರ್ ಕಡೆ ಹೋಗುತ್ತದೆ.

ಮೊದಲು ತಿಳಿಯಬೇಕಾದ ಸಂಗತಿ ಇದು: ಸೆಂಟರ್ ಕ್ಯಾಪ್ ಗಾಲಿಗೆ ಅಂಟಿಕೊಂಡಿಲ್ಲ, ಕಚ್ಚಿಕೊಂಡಿದೆ. ಅದರ ಬೆನ್ನಿಗೆ ಸಾಮಾನ್ಯವಾಗಿ ಐದೋ ಆರೋ ಅಥವಾ ಇನ್ನೂ ಹೆಚ್ಚು ಪ್ಲಾಸ್ಟಿಕ್ ಕಾಲುಗಳಿರುತ್ತವೆ. ಪ್ರತಿ ಕಾಲಿನ ತುದಿಯಲ್ಲಿ ಹೊರಮುಖವಾಗಿ ಒಂದು ಕೊಕ್ಕೆ. ಬಹಳಷ್ಟು ಕ್ಯಾಪ್‌ಗಳಲ್ಲಿ ಈ ಕಾಲುಗಳ ಒಳಬದಿಗೆ ಸ್ಪ್ರಿಂಗ್ ಉಕ್ಕಿನ ತಂತಿಯ ಬಳೆಯೊಂದು ಕೂತಿದ್ದು, ಕಾಲುಗಳನ್ನು ಸದಾ ಹೊರಕ್ಕೆ ಒತ್ತುತ್ತಿರುತ್ತದೆ. ಒಳಗೆ ತಳ್ಳಿದಾಗ ಕಾಲುಗಳು ಒಳಕ್ಕೆ ಬಾಗಿ, ತೂತಿನ ಹಿಂದಿರುವ ತೋಡಿಗೆ ತಲುಪಿದೊಡನೆ ಅರಳಿ ಟಕ್ಕೆಂದು ಕೂರುತ್ತವೆ. ಕ್ಯಾಪ್ ಹೊರಬರಬೇಕಾದರೆ ಅವೇ ಕಾಲುಗಳು ಮತ್ತೊಮ್ಮೆ ಒಳಕ್ಕೆ ಬಾಗಬೇಕು, ಬೇರೆ ದಾರಿಯಿಲ್ಲ. ಹೊಳೆಯುವ ಮುಖವನ್ನು ಎಷ್ಟು ಮೀಟಿದರೂ ಕಾಲು ಬಾಗಲು ಜಾಗವಿಲ್ಲದಿದ್ದರೆ ಮುರಿಯುವುದು ಕ್ಯಾಪ್, ಇಲ್ಲವೇ ಗಾಯವಾಗುವುದು ಗಾಲಿ.

ಒಂದು ಕಾಲು ಎಷ್ಟು ಬಾಗುವುದನ್ನು ತಾಳುತ್ತದೆ? 2 ಮಿ.ಮೀ ದಪ್ಪ, 12 ಮಿ.ಮೀ ಉದ್ದದ ಕಾಲು ಎನ್ನೋಣ. ಅದರ ತುದಿ 1 ಮಿ.ಮೀ ಬಾಗಿದರೆ ಬುಡದಲ್ಲಿ ಪ್ಲಾಸ್ಟಿಕ್ ಸುಮಾರು ಶೇ. 2ರಷ್ಟು ಹಿಗ್ಗುತ್ತದೆ. ಕ್ಯಾಪ್‌ಗಳಿಗೆ ಹೆಚ್ಚಾಗಿ ಬಳಸುವ ಎಬಿಎಸ್ ಪ್ಲಾಸ್ಟಿಕ್ ಶೇ. 2ರಿಂದ 3ರ ಆಸುಪಾಸಿನಲ್ಲಿ ಸೋಲಲು ಶುರುಮಾಡುತ್ತದೆ. ಅಂದರೆ ನೇರವಾಗಿ ಎಳೆದರೆ ಕಾಲು ಉಳಿಯುತ್ತದೆ. ಒಂದೇ ಬದಿಯಿಂದ ಮೀಟಿ ಕ್ಯಾಪನ್ನು ಓರೆ ಮಾಡಿದರೆ ಎದುರು ಬದಿಯ ಕಾಲು ಅದಕ್ಕಿಂತ ಹೆಚ್ಚು ಬಾಗಿ ಬುಡದಲ್ಲಿ ಬಿಳಿ ಗೆರೆ ಮೂಡುತ್ತದೆ. ಆ ಬಿಳಿ ಗೆರೆ ಕಂಡರೆ ಕಾಲಿನ ಆಯಸ್ಸು ಮುಗಿಯುತ್ತ ಬಂದಿದೆ ಎಂದು ತಿಳಿಯಿರಿ. ಎಬಿಎಸ್‌ಗೆ ಗಟ್ಟಿತನದ ಜೊತೆ ಬಾಗುವ ಗುಣ ಕೊಡುವುದು ಅದರಲ್ಲಿ ಬೆರೆತಿರುವ ಬ್ಯುಟಾಡೈಯೀನ್ ರಬ್ಬರಿನ ಸೂಕ್ಷ್ಮ ಕಣಗಳು. ವರ್ಷಗಟ್ಟಲೆ ಬಿಸಿಲು, ಬ್ರೇಕಿನ ಶಾಖ ಉಂಡು ಆ ರಬ್ಬರ್ ಹಾಳಾಗುತ್ತದೆ. ಹೊಸದರಲ್ಲಿ ಬಳುಕುತ್ತಿದ್ದ ಕಾಲು ಎಂಟು ಹತ್ತು ವರ್ಷದ ಕಾರಿನಲ್ಲಿ ಬಿಸ್ಕತ್ತಿನಂತೆ ಲಟಕ್ಕೆಂದು ಮುರಿಯುವುದು ಇದರಿಂದಲೇ.

ಇನ್ನು ಸ್ಕ್ರೂಡ್ರೈವರ್ ಲೆಕ್ಕ. ಹಿಡಿಯಿಂದ ಆಧಾರ ಬಿಂದುವಿಗೆ 150 ಮಿ.ಮೀ, ಅಲ್ಲಿಂದ ತುದಿಗೆ 5 ಮಿ.ಮೀ. ಸನ್ನೆಗೋಲಿನ ಲಾಭ ಮೂವತ್ತು ಪಟ್ಟು. ಕೈಯಿಂದ 5 ಕಿಲೋ ಒತ್ತಿದರೆ ಗಾಲಿಯ ಅಂಚಿನ ಮೇಲೆ ಬೀಳುವುದು 150 ಕಿಲೋಗೂ ಹೆಚ್ಚು. ಆ ಭಾರ ಕೂರುವ ಜಾಗವೋ 6 ಮಿ.ಮೀ ಅಗಲ, ಅರ್ಧ ಮಿ.ಮೀ ಉದ್ದ, ಒಟ್ಟು 3 ಚದರ ಮಿ.ಮೀ. ಅಂದರೆ ಪ್ರತಿ ಚದರ ಮಿ.ಮೀ.ಗೆ 50 ಕಿಲೋ. ಗಾಲಿ ಎರಕ ಹೊಯ್ಯುವ ಅಲ್ಯೂಮಿನಿಯಂ ಮಿಶ್ರಲೋಹ ಸುಮಾರು 20 ಕಿಲೋಗೇ ತಗ್ಗಿಬಿಡುತ್ತದೆ. ಹಾಗಾಗಿ ಕಚ್ಚು ಬೀಳುವುದಕ್ಕೆ ಕೈಯ ಅಜಾಗರೂಕತೆ ಬೇಕಿಲ್ಲ, ಲೆಕ್ಕವೇ ಹಾಗಿದೆ. ಮಾಸ್ಕಿಂಗ್ ಟೇಪ್ ಸುತ್ತಿದರೆ ಗೀರು ತಪ್ಪೀತು, ತಗ್ಗು ತಪ್ಪುವುದಿಲ್ಲ. ಅದೇ ಜಾಗದಲ್ಲಿ 30 ಮಿ.ಮೀ ಉದ್ದ, 20 ಮಿ.ಮೀ ಅಗಲದ ಮರದ ಚಕ್ಕೆ ಇಟ್ಟು ಅದರ ಮೇಲೆ ಆನಿಸಿದರೆ ಒತ್ತಡ ಪ್ರತಿ ಚದರ ಮಿ.ಮೀ.ಗೆ ಕಾಲು ಕಿಲೋಗೆ ಇಳಿಯುತ್ತದೆ. ಬಣ್ಣದ ಪದರ ಒಟ್ಟಾರೆ ಎರಡು ಮೂರು ಕೂದಲಿನಷ್ಟು ದಪ್ಪವಿರುತ್ತದೆ, ಅಷ್ಟೆ. ಅದು ಒಮ್ಮೆ ಹರಿದರೆ ನೀರು ಪದರದ ಅಡಿಗೆ ನುಸುಳಿ ಬಿಳಿ ಹುಳು ಹರಿದಂತೆ ತುಕ್ಕು ಹಬ್ಬುತ್ತದೆ. ಕನ್ನಡಿಯಂತೆ ಹೊಳೆಯುವ ಡೈಮಂಡ್ ಕಟ್ ಗಾಲಿಗಳ ಮುಖದಲ್ಲಿ ಲೋಹದ ಮೇಲಿರುವುದು ಪಾರದರ್ಶಕ ವಾರ್ನಿಷ್ ಮಾತ್ರ. ಅಂಥವುಗಳ ಮೇಲೆ ಲೋಹದ ಉಪಕರಣವನ್ನೇ ತರಬೇಡಿ.

ಕೈ ಹಾಕುವ ಮುನ್ನ ಕ್ಯಾಪ್ ಯಾವ ಜಾತಿಯದು ಎಂದು ನೋಡಿ. ಅಂಚು ವೀಲ್ ನಟ್‌ಗಳ ತಲೆಯಡಿ ಹೋಗಿದ್ದರೆ ಅದು ನಟ್ ಬಿಚ್ಚದೆ ಬರುವುದಿಲ್ಲ. ಅಂಚಿನಲ್ಲಿ 5–8 ಮಿ.ಮೀ ಅಗಲದ ಸಣ್ಣ ತೋಡು ಇದ್ದರೆ ಮೀಟಲೆಂದೇ ಬಿಟ್ಟ ಬಾಯಿ ಅದು. ಯಾವ ತೋಡೂ ಇಲ್ಲದೆ ಗಾಲಿಯ ಮಟ್ಟಕ್ಕೇ ಕೂತಿದ್ದರೆ ಹಿಂದಿನಿಂದ ತಳ್ಳಲು ಮಾಡಿದ್ದು ಎಂದೇ ಎಣಿಸಿ. ಕೆಲವು ಜೀಪು ಮಾದರಿಯ ಗಾಡಿಗಳಲ್ಲಿ ತಿರುಪಿನಂತೆ ಸುತ್ತಿ ಕೂರಿಸಿದ ಕ್ಯಾಪ್‌ಗಳೂ ಇವೆ, ಅವನ್ನು ತಿರುಗಿಸಬೇಕು, ಎಳೆಯಬಾರದು.

ನಮ್ಮ ಕಡೆ ಕ್ಯಾಪ್ ಬಿಗಿಯಾಗಲು ದೊಡ್ಡ ಕಾರಣ ಮಣ್ಣು. ಇದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಎರೆಮಣ್ಣಿನ ಹೊಲದ ದಾರಿಯಲ್ಲೋ ಭದ್ರಾ ಕಾಲುವೆಯ ಗದ್ದೆ ಬದುವಿನಲ್ಲೋ ಓಡಿದ ಕಾರಿನ ಕ್ಯಾಪ್ ಸಂದಿಗೆ ಕೆಸರು ನುಗ್ಗಿ ಒಣಗುತ್ತದೆ. ಎರೆಮಣ್ಣಿನಲ್ಲಿರುವ ಸ್ಮೆಕ್ಟೈಟ್ ಎಂಬ ಜೇಡಿ ಖನಿಜ ಹಾಳೆ ಹಾಳೆಯಾಗಿ ಜೋಡಿಸಿದ ಪುಸ್ತಕದಂತಿದೆ. ನೀರು ಸಿಕ್ಕರೆ ಹಾಳೆಗಳ ನಡುವೆ ಹೊಕ್ಕು ಉಬ್ಬಿಸುತ್ತದೆ, ಒಣಗಿದಾಗ ಮಣ್ಣು ಕುಗ್ಗಿ ಕಲ್ಲಾಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದು ಇದೇ ಗುಣದಿಂದ. ಕಾಲುಗಳು ಒಳಕ್ಕೆ ಬಾಗಲು ಬೇಕಾದ ಒಂದೂವರೆ ಮಿ.ಮೀ ಜಾಗವನ್ನೇ ಈ ಮಣ್ಣು ತುಂಬಿಬಿಟ್ಟಿರುತ್ತದೆ. ವಾಟರ್ ಸರ್ವಿಸ್‌ನ ಜೋರು ಪೈಪಿನಲ್ಲಿ ಒಂದು ನಿಮಿಷ ಹೊಡೆಸಿದರೆ ಪ್ರಯೋಜನವಿಲ್ಲ. ಮೇಲ್ಪದರ ಉಬ್ಬಿ ತನ್ನ ಸಂದಿಯನ್ನು ತಾನೇ ಮುಚ್ಚಿಕೊಂಡು ಒಳಕ್ಕೆ ನೀರು ಬಿಡುವುದಿಲ್ಲ. ಒಂದು ಲೀಟರ್ ಬೆಚ್ಚನೆಯ ನೀರಿಗೆ ಒಂದು ಚಮಚ ಕಾರ್ ಶಾಂಪೂ ಬೆರೆಸಿ, ಬಟ್ಟೆ ನೆನೆಸಿ ಕ್ಯಾಪ್ ಮೇಲೆ ಹೊದಿಸಿ 20 ನಿಮಿಷ ಬಿಡಿ. ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಸಂದಿ ಉಜ್ಜಿ ತೊಳೆಯಿರಿ. ಹೀಗೆ ಮೂರು ಸಲ ಮಾಡಬೇಕು.

ಚಿತ್ರದುರ್ಗದ ಕಡೆಯ ದೂಳಿನ ಸ್ವಭಾವ ಬೇರೆ. ಬಂಡೆ ಸವೆದ ಮರಳಿನಲ್ಲಿ ಕ್ವಾರ್ಟ್ಸ್ ಇದೆ. ಭೀಮಸಮುದ್ರದ ಸುತ್ತಲಿನ ಗಣಿ ದಾರಿಗಳ ಕೆಂಪು ದೂಳಿನಲ್ಲಿ ಕಬ್ಬಿಣದ ಅದಿರು ಇದೆ. ಎರಡೂ ಬಣ್ಣದ ಪದರಕ್ಕಿಂತ ಎಷ್ಟೋ ಗಡಸು. ತೊಳೆಯದೆ ಸಂದಿಗೆ ಪ್ಲಾಸ್ಟಿಕ್ ಬೆಣೆ ತೂರಿಸಿದರೂ ಈ ಹರಳುಗಳು ನಡುವೆ ಸಿಕ್ಕಿ ಗೀರು ಹಾಕುತ್ತವೆ. ತೊಳೆಯಲು ಬಳಸುವ ಬೋರ್‌ವೆಲ್‌ನ ಗಡಸು ನೀರು ಒಣಗಿದಾಗ ಸುಣ್ಣದ ಬಿಳಿ ಪೊರೆ ಬಿಡುವುದೂ ಉಂಟು. ನಿಂಬೆರಸ ಹಚ್ಚಿ ಹತ್ತು ನಿಮಿಷಕ್ಕೆ ತೊಳೆದರೆ ಅದು ಕರಗುತ್ತದೆ. ಬಾತ್‌ರೂಂ ಆಸಿಡ್ ಮಾತ್ರ ಬೇಡವೇ ಬೇಡ, ಬಣ್ಣ ಹರಿದ ಕಡೆ ಅದು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಬಟ್ಟೆ ಸೋಡಾ, ಕಾಸ್ಟಿಕ್ ಸೋಡಾಗಳೂ ಅಷ್ಟೆ.

ಮಣ್ಣು ಹೋದ ಮೇಲೂ ಅಲುಗಾಡದಿದ್ದರೆ ಒಳಗೆ ತುಕ್ಕು ಇದೆ. ಗಾಲಿ ಕೂರುವ ಉಕ್ಕಿನ ಹಬ್, ಉಕ್ಕಿನ ತಂತಿ ಬಳೆ, ಅಲ್ಯೂಮಿನಿಯಂ ಗಾಲಿ, ನಡುವೆ ತೇವ: ಇಷ್ಟಿದ್ದರೆ ಸಣ್ಣದೊಂದು ಬ್ಯಾಟರಿಯೇ ಆಯಿತು. ಆ ಬ್ಯಾಟರಿಯಲ್ಲಿ ಕರಗುವುದು ಅಲ್ಯೂಮಿನಿಯಂ. ಉಂಟಾಗುವ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಉಕ್ಕಿನ ತುಕ್ಕು ಇನ್ನೂ ಹೆಚ್ಚು. ಕಾಲುಗಳು ನಡುವೆ ಸಿಕ್ಕಿ ಒತ್ತಿಹೋಗುತ್ತವೆ.

ಆಗ ಚಕ್ರ ಬಿಚ್ಚಿ ಹಿಂದಿನಿಂದಲೇ ತೆಗೆಯಬೇಕು. ನಿಜ ಹೇಳಬೇಕೆಂದರೆ ಹಟಮಾರಿ ಕ್ಯಾಪ್‌ಗೆ ಇದೇ ಸರಿಯಾದ ದಾರಿ, ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ ಎಂದು ಹಿಂಜರಿಯಬೇಡಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಎದುರು ಚಕ್ರಕ್ಕೆ ಕಲ್ಲು ಕೊಟ್ಟು, ನಟ್‌ಗಳನ್ನು ಮೊದಲು ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕಿ ಏರಿಸಿ. ಬಿಚ್ಚಿದ ಗಾಲಿಯನ್ನು ಮುಖ ಕೆಳಗಾಗಿ ದಪ್ಪ ಗೋಣಿಚೀಲ ಅಥವಾ ಹಳೆಯ ಟೈರ್ ಮೇಲೆ ಮಲಗಿಸಿ, ಕ್ಯಾಪ್ ಕೆಳಗೆ ಬೀಳಲು ಜಾಗ ಇರಲಿ. ಹಿಂದಿನಿಂದ ನೋಡಿದರೆ ಕಾಲುಗಳು ಕಣ್ಣಿಗೆ ಕಾಣುತ್ತವೆ. ತುಕ್ಕು ಹಿಡಿದ ತಂತಿ ಬಳೆಗೆ ಮಾತ್ರ ಎರಡು ಮೂರು ಹನಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು 15 ನಿಮಿಷ ಕಾಯಿರಿ. ನಂತರ ನೋಸ್ ಪ್ಲೈಯರ್‌ನಿಂದ ಒಂದೊಂದೇ ಕಾಲನ್ನು ಒಳಕ್ಕೆ ಮೆಲ್ಲನೆ ಒತ್ತುತ್ತ, ಅದೇ ಹೊತ್ತಿಗೆ ಹೆಬ್ಬೆರಳಿನಿಂದ ಆ ಕಾಲಿನ ಪಕ್ಕದಲ್ಲೇ ಕೆಳಕ್ಕೆ ತಳ್ಳಿ. ಎದುರುಬದುರು ಕಾಲುಗಳನ್ನು ಸರದಿಯಲ್ಲಿ ಹಿಡಿಯಿರಿ.

ಬೆರಳಿಗೆ ಮಣಿಯದಿದ್ದರೆ ತೋಟದ ಪೈಪ್‌ಲೈನ್‌ಗೆ ಹಾಕುವ ಪಿವಿಸಿ ಪೈಪ್ ತುಂಡು ನೆರವಿಗೆ ಬರುತ್ತದೆ. ಇಲ್ಲೊಂದು ಎಚ್ಚರ. ಸಣ್ಣ ಕಾರುಗಳ ಎಷ್ಟೋ ಗಾಲಿಗಳ ನಡುತೂತು 54 ಮಿ.ಮೀ ಆಸುಪಾಸಿನದು, ಅದಕ್ಕೆ 50 ಮಿ.ಮೀ ಪೈಪ್ ಚೆಂದ ಹೊಂದುವಂತೆ ಕಾಣುತ್ತದೆ. ಆದರೆ ಅದು ಕಾಲುಗಳ ಒಳಬದಿಗೆ ಆತುಕೊಂಡು, ಬಾಗಬೇಕಾದ ಕಾಲುಗಳನ್ನೇ ತಡೆದುಬಿಡುತ್ತದೆ. ಹೊಡೆದಷ್ಟೂ ಬಿಗಿಯಾಗಿ ಕೊನೆಗೆ ಎಲ್ಲ ಕಾಲುಗಳೂ ಒಟ್ಟಿಗೆ ಕಿತ್ತು ಬರುತ್ತವೆ. 40 ಮಿ.ಮೀ ಪೈಪನ್ನೇ ತೆಗೆದುಕೊಳ್ಳಿ. ಸುಮಾರು 20 ಸೆಂ.ಮೀ ಉದ್ದ ಕತ್ತರಿಸಿ, ಅಂಚನ್ನು ಉಜ್ಜುಕಾಗದದಲ್ಲಿ ನಯ ಮಾಡಿ, ತುದಿಗೆ ಬಟ್ಟೆ ಸುತ್ತಿ ನೇರವಾಗಿ ನಿಲ್ಲಿಸಿ. ರಬ್ಬರ್ ಸುತ್ತಿಗೆಯಿಂದ ಬಾಗಿಲು ತಟ್ಟಿದಷ್ಟು ಹಗುರಾಗಿ ತಟ್ಟಬೇಕು. ಪೈಪ್ ಇಲ್ಲದೆ ಕ್ಯಾಪಿನ ನಟ್ಟನಡುವೆ ಹೊಡೆಯುವುದು ತಪ್ಪು. ನಡು ಕೆಳಗೆ ತಗ್ಗಿದರೆ ಲಾಂಛನ ಕಳಚುತ್ತದೆ, ಬಲ ಕಾಲುಗಳಿಗೆ ಮುಟ್ಟುವುದೇ ಇಲ್ಲ.

ಗಾಲಿ ಬಿಚ್ಚಲಾಗದ ಸಂದರ್ಭದಲ್ಲಿ ಮುಂದಿನಿಂದ ತೆಗೆಯಲು ಬಿದಿರು ಒಳ್ಳೆಯದು. 15 ಮಿ.ಮೀ ಅಗಲದ ಸೀಳು ಎರಡು ತೆಗೆದುಕೊಂಡು ತುದಿಯನ್ನು 1 ಮಿ.ಮೀ.ಗೆ ಹೆರೆಯಿರಿ. ಪ್ಲಾಸ್ಟಿಕ್ ಟ್ರಿಮ್ ಟೂಲ್ ಇದ್ದರೆ ಅದೂ ಆದೀತು. ಬೆಣೆಯನ್ನು ಕಾಲಿನ ನೇರಕ್ಕೆ ತೂರಿಸಬೇಕು, ಎರಡು ಕಾಲುಗಳ ನಡುವೆ ತೂರಿಸಿದರೆ ಬಾಗುವುದು ತೆಳು ಅಂಚು. ನಾಲ್ಕು ಚಕ್ರಗಳಲ್ಲಿ ಸಡಿಲವಾಗಿರುವ ಕ್ಯಾಪನ್ನು ಮೊದಲು ತೆಗೆದರೆ ಕಾಲುಗಳ ನಡುವಿನ ಅಂತರ ಗೊತ್ತಾಗುತ್ತದೆ. ಎದುರುಬದುರಾಗಿ ಎರಡು ಬೆಣೆ ಕೊಟ್ಟು, ಸುತ್ತಲೂ ಅರ್ಧರ್ಧ ಮಿ.ಮೀ ಎಬ್ಬಿಸುತ್ತ ಹೋಗಿ. ಮೊಬೈಲ್ ಹೋಲ್ಡರ್‌ನ ಸಕ್ಷನ್ ಕಪ್ ಹಚ್ಚಿ ಎಳೆಯುವುದೂ ಒಂದು ದಾರಿ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಿ 5 ಸೆಂ.ಮೀ ಅಗಲದ ಕಪ್ ಹೆಚ್ಚೆಂದರೆ 18–19 ಕಿಲೋ ಬಲ ಕೊಡಬಲ್ಲದು, ಕೈಗೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಲಾಂಛನ ಉಬ್ಬಿದ್ದರೆ ಗಾಳಿ ಸೋರಿ ಅದೂ ಇಲ್ಲ.

ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಎನ್ನುವ ಸಲಹೆಯಲ್ಲಿ ಅರ್ಧ ಸತ್ಯವಿದೆ. ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಕಾಲು ಮುರಿಯುವ ಭಯ ಕಡಿಮೆಯಾಗುತ್ತದೆ. ಆದರೆ ಎಬಿಎಸ್ ಅಲ್ಯೂಮಿನಿಯಂಗಿಂತ ಮೂರು ನಾಲ್ಕು ಪಟ್ಟು ಹೆಚ್ಚು ಹಿಗ್ಗುತ್ತದೆ. 60 ಮಿ.ಮೀ ಅಗಲದ ಕ್ಯಾಪ್ 20 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಸುಮಾರು 0.19 ಮಿ.ಮೀ ಹಿಗ್ಗುತ್ತದೆ, ಗಾಲಿಯ ತೂತು ದೊಡ್ಡದಾಗುವುದು 0.055 ಮಿ.ಮೀ ಮಾತ್ರ. ಎರಡು ಕೂದಲೆಳೆಯಷ್ಟು ಕ್ಯಾಪ್ ಇನ್ನೂ ಬಿಗಿಯಾಯಿತು. ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ನಿಂತ ಕಾರಿನಲ್ಲಿ ಪ್ರಯತ್ನಿಸುವುದು ವ್ಯರ್ಥವಾಗುವುದೂ ಇದಕ್ಕೇ. ಬೆಳಗಿನ ಹೊತ್ತು ನೆರಳಲ್ಲಿ ಕೆಲಸ ಹಿಡಿಯಿರಿ. ಕ್ಯಾಪ್ ತೀರಾ ಹಳೆಯದಾದರೆ ಮಾತ್ರ ಕೈಗೆ ಬೆಚ್ಚಗೆನಿಸುವ ನೀರಿನ ಬಟ್ಟೆ ಸಾಕು. ದೂರ ಓಡಿಸಿ ಬಂದ ಕೂಡಲೇ ತಣ್ಣೀರು ಎರಚಬೇಡಿ, ಕಾದ ಬ್ರೇಕ್ ಡಿಸ್ಕ್ ಸೊಟ್ಟಗಾದೀತು.

ಪೆಟ್ರೋಲ್, ಥಿನ್ನರ್, ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಹತ್ತಿರವೂ ಬರಬಾರದು. ಅಸಿಟೋನ್ ಎಬಿಎಸ್ ಅನ್ನು ನೇರವಾಗಿ ಕರಗಿಸುತ್ತದೆ. ಉಳಿದವು ಬಾಗಿ ನಿಂತ ಕಾಲಿನ ಬುಡಕ್ಕೆ ಇಳಿದು ಸೂಕ್ಷ್ಮ ಬಿರುಕು ಹುಟ್ಟಿಸುತ್ತವೆ, ಕ್ಯಾಪ್ ವಾರ ಕಳೆದು ಓಡುವಾಗ ಹಾರಿಹೋಗುತ್ತದೆ. ತುಕ್ಕಿನ ಎಣ್ಣೆಯನ್ನೂ ಕೆಲಸ ಮುಗಿದ ಮೇಲೆ ಶಾಂಪೂ ನೀರಿನಿಂದ ತೊಳೆಯಲೇಬೇಕು. ಗಾಲಿ ಕಾರಿನಲ್ಲೇ ಇದ್ದಾಗ ಎಣ್ಣೆ ಸಿಂಪಡಿಸಲೇಬಾರದು. ಚಕ್ರ ತಿರುಗಿದಾಗ ಅದು ಹೊರಕ್ಕೆ ಚಿಮ್ಮಿ ಡಿಸ್ಕ್‌ಗೆ ತಗುಲಿದರೆ ಬ್ರೇಕ್ ಹಿಡಿಯುವುದಿಲ್ಲ.

ಮರಳಿ ಹಾಕುವ ಮುನ್ನ ತೂತಿನ ಒಳಗೋಡೆಯ ಬಿಳಿ ಪುಡಿಯನ್ನು ನೈಲಾನ್ ಬ್ರಷ್‌ನಿಂದ ತೆಗೆದು ಒಣಗಿಸಿ, ತಂತಿ ಬಳೆ ತನ್ನ ತೋಡಿನಲ್ಲಿದೆಯೇ ನೋಡಿ, ಕೊಕ್ಕೆಗಳಿಗೆ ಸಿಲಿಕೋನ್ ಗ್ರೀಸ್ ಸವರಿ. ಗಾಡಿಗೆ ಹಾಕುವ ಮಾಮೂಲಿ ಗ್ರೀಸ್ ಎಬಿಎಸ್‌ಗೆ ಆಗದು. ಅಂಗೈಯಿಂದ ಸುತ್ತಲೂ ಒತ್ತಿದಾಗ ಪ್ರತಿ ಕಾಲಿನ ಟಕ್ ಸದ್ದು ಕೇಳಿಸಬೇಕು. ಆರರಲ್ಲಿ ಒಂದು ಕಾಲು ಮುರಿದಿದ್ದರೆ ನಡೆದೀತು. ಅಕ್ಕಪಕ್ಕದ ಎರಡು ಹೋಗಿದ್ದರೆ ಅದು ರಾಷ್ಟ್ರೀಯ ಹೆದ್ದಾರಿ 48ರ ವೇಗ ತಾಳದು, ಹೊಸದು ತನ್ನಿ. ಫೆವಿಕ್ವಿಕ್ ಹಾಕಿ ಗಾಲಿಗೆ ಅಂಟಿಸಿದರೆ ಮುಂದಿನ ಸಲ ತೆಗೆಯುವವರಿಗೆ ಬಣ್ಣವನ್ನೂ ಕೀಳದೆ ದಾರಿಯಿರುವುದಿಲ್ಲ. ನಟ್‌ಗಳನ್ನು ನಕ್ಷತ್ರದಾಕಾರದ ಸರದಿಯಲ್ಲಿ ಕಾರಿನ ಕೈಪಿಡಿ ಹೇಳಿದಷ್ಟು ಬಿಗಿ ಮಾಡಿ, ಸಣ್ಣ ಕಾರುಗಳಲ್ಲಿ ಅದು ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ನಡುವೆ ಇರುತ್ತದೆ. 50 ಕಿ.ಮೀ ಓಡಿದ ಮೇಲೆ ಪಾನಾ ಹಾಕಿ ಇನ್ನೊಮ್ಮೆ ನೋಡಿ. ಪ್ರತಿ 10,000 ಕಿ.ಮೀ.ಗೆ ಟೈರ್ ಅದಲುಬದಲು ಮಾಡಿಸುವಾಗ ಕ್ಯಾಪನ್ನೂ ಒಮ್ಮೆ ತೆಗೆದು ತೊಳೆದು ಹಾಕುತ್ತಿದ್ದರೆ, ಸಂದಿಯ ಎರೆಮಣ್ಣು ಕಲ್ಲಾಗುವಷ್ಟು ಕಾಲ ಅಲ್ಲಿ ನಿಲ್ಲುವುದಿಲ್ಲ.