ಕೆಂಪು ಚೇಳಿನ ವಿಷ: ಜೆಲ್‌ನಲ್ಲಿ ಕಾಣದ ಪೆಪ್ಟೈಡ್‌ಗಳನ್ನು ಹಿಡಿಯುವುದು ಹೇಗೆ?

ಚೇಳಿನ ವಿಷ ಒಂದೇ ವಸ್ತುವಲ್ಲ. ಕೊಂಡಿಯ ಬುಡದ ಉಬ್ಬಿನಲ್ಲಿ ಎರಡು ಗ್ರಂಥಿಗಳಿವೆ. ಅಲ್ಲಿಂದ ಬರುವ ಹನಿಯಲ್ಲಿ ಲವಣ, ಲೋಳೆ, ಕಿಣ್ವ, ಪುಟ್ಟ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ಎಲ್ಲವೂ ಕಲೆತಿರುತ್ತವೆ. ನಾವಿಲ್ಲಿ ಕರ್ನಾಟಕ, ಮಹಾರಾಷ್ಟ್ರದ ಕಡೆ ಸಿಗುವ ಕೆಂಪು ಚೇಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ಈಗಿನ ವೈಜ್ಞಾನಿಕ ಹೆಸರು ಹೊಟೆಂಟೋಟ್ಟಾ ಟ್ಯಾಮುಲಸ್. ಹಳೆಯ ಲೇಖನಗಳಲ್ಲಿ ಬುತಸ್ ಟ್ಯಾಮುಲಸ್, ಮೆಸೊಬುತಸ್ ಟ್ಯಾಮುಲಸ್ ಅಂತಲೂ ಇರುತ್ತದೆ. ಹುಡುಕುವಾಗ ಮೂರನ್ನೂ ಹಾಕಿ, ಇಲ್ಲದಿದ್ದರೆ ಎಷ್ಟೋ ಮುಖ್ಯ ಲೇಖನಗಳು ತಪ್ಪಿಹೋಗುತ್ತವೆ.

ವಿಷ ತೆಗೆಯಲು ಬಾಲಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಡುತ್ತಾರೆ. ನೀರಿನಲ್ಲಿ ಕರಗಿಸಿ, ಸೆಂಟ್ರಿಫ್ಯೂಜ್ ಮಾಡಿ ಲೋಳೆಯನ್ನು ಬೇರ್ಪಡಿಸಿ, ತಣ್ಣಗೆ ಒಣಗಿಸಿ ಇಡುತ್ತಾರೆ. ಇಲ್ಲೊಂದು ಎಚ್ಚರಿಕೆ. ದಕ್ಷಿಣ ಆಫ್ರಿಕಾದ ಪ್ಯಾರಾಬುತಸ್ ಚೇಳಿನಲ್ಲಿ ಮೊದಲು ಬರುವ ತಿಳಿ ಹನಿಯಲ್ಲಿ ಪೊಟ್ಯಾಸಿಯಂ ಜಾಸ್ತಿ, ಪ್ರೊಟೀನ್ ಕಡಿಮೆ. ಆಮೇಲೆ ಬರುವ ಹಾಲಿನಂಥ ಹನಿಯಲ್ಲಿ ಪ್ರೊಟೀನ್ ತುಂಬಿರುತ್ತದೆ. ಅಂದರೆ ಯಾವ ಹನಿ ಹಿಡಿದೆವು ಅನ್ನುವುದರ ಮೇಲೂ ಉತ್ತರ ಬದಲಾಗಬಹುದು.

ಈಗ ಜೆಲ್, ಅಂದರೆ ಪ್ರೊಟೀನ್‌ಗಳನ್ನು ವಿದ್ಯುತ್‌ನಿಂದ ಓಡಿಸಿ ಗಾತ್ರದ ಪ್ರಕಾರ ಬೇರ್ಪಡಿಸುವ ಪದರ. ಸಾಮಾನ್ಯ ಎಸ್‌ಡಿಎಸ್ (ಪ್ರೊಟೀನ್‌ನ ಮಡಿಕೆ ಬಿಚ್ಚುವ ಮಾರ್ಜಕ) ಜೆಲ್‌ನಲ್ಲಿ ಹಯಲುರೊನಿಡೇಸ್‌ನಂಥ ದೊಡ್ಡ ಕಿಣ್ವಗಳು ಚೆನ್ನಾಗಿ ಕಾಣುತ್ತವೆ. ಆದರೆ ನರಗಳ ಮೇಲೆ ಕೆಲಸ ಮಾಡುವ ಮುಖ್ಯ ವಿಷಗಳು ಬರೀ 3ರಿಂದ 8 ಕಿಲೋಡಾಲ್ಟನ್ ತೂಕದವು (ಒಂದು ಡಾಲ್ಟನ್ ಅಂದರೆ ಸುಮಾರು ಒಂದು ಹೈಡ್ರೋಜನ್ ಪರಮಾಣುವಿನ ತೂಕ). ಅವು ಬಣ್ಣದ ಗೆರೆಯ ಜೊತೆಗೇ ಕೆಳಗೆ ಓಡಿಬಿಡುತ್ತವೆ, ಇಲ್ಲವೇ ಬಣ್ಣ ತೊಳೆಯುವಾಗ ಜೆಲ್‌ನಿಂದಲೇ ಹೊರಟುಹೋಗುತ್ತವೆ. ಹಾಗಾಗಿ ಪುಟ್ಟ ಪೆಪ್ಟೈಡ್‌ಗಳನ್ನೂ ಬಿಡಿಸಿ ತೋರಿಸುವ ಟ್ರೈಸಿನ್ ಜೆಲ್ ಬಳಸಬೇಕು. ಅದರಲ್ಲೂ ಹೆಚ್ಚುಕಡಿಮೆ ಒಂದೇ ತೂಕದ ಹತ್ತಾರು ಪೆಪ್ಟೈಡ್‌ಗಳು ಒಂದೇ ಪಟ್ಟಿಯಲ್ಲಿ ಕೂತಿರುತ್ತವೆ.

ಅವನ್ನು ಬಿಡಿಸಲು ಸಿ-18 ಕಾಲಂ (ನೀರಿಗೆ ಒಗ್ಗದ ಅಣುಗಳನ್ನು ಹಿಡಿದಿಡುವ ಕೊಳವೆ) ಇರುವ ಎಚ್‌ಪಿಎಲ್‌ಸಿ ಎಂಬ ಬೇರ್ಪಡಿಸುವ ಯಂತ್ರ ಬೇಕು. ಅಸಿಟೋನೈಟ್ರೈಲ್ ಎಂಬ ದ್ರಾವಕದ ಪ್ರಮಾಣ ಏರಿಸುತ್ತಾ ಹೋದಂತೆ ಒಂದೊಂದೇ ಹೊರಬರುತ್ತದೆ. ಹೊರಬಂದದ್ದನ್ನು ನೇರಳಾತೀತ ಬೆಳಕಿನಿಂದ ಪತ್ತೆ ಮಾಡುವಾಗ 280 ನ್ಯಾನೋಮೀಟರ್ ತರಂಗಾಂತರ ಒಂದನ್ನೇ ನಂಬಬೇಡಿ. ಟ್ರಿಪ್ಟೊಫ್ಯಾನ್, ಟೈರೋಸಿನ್ ಎಂಬ ಅಮೈನೋ ಆಮ್ಲಗಳು ಇಲ್ಲದ ಪೆಪ್ಟೈಡ್ ಅಲ್ಲಿ ಕಾಣುವುದೇ ಕಷ್ಟ. 214ರ ಸುತ್ತ ನೋಡಿದರೆ ಪೆಪ್ಟೈಡ್ ಬಂಧವೇ ಬೆಳಕು ಹೀರುತ್ತದೆ, ಎಲ್ಲವೂ ಸಿಗುತ್ತವೆ.

ನನಗೆ ತುಂಬಾ ಇಷ್ಟವಾದ ಭಾಗ ಸಿಸ್ಟೀನ್ (ಗಂಧಕವಿರುವ ಅಮೈನೋ ಆಮ್ಲ) ಎಣಿಕೆ. ಎರಡು ಸಿಸ್ಟೀನ್ ಕೂಡಿದರೆ ಒಂದು ಡೈಸಲ್ಫೈಡ್ ಬಂಧ. ಸೋಡಿಯಂ ಚಾನಲ್ (ಜೀವಕೋಶದ ಪೊರೆಯಲ್ಲಿ ಸೋಡಿಯಂ ಹಾಯುವ ಬಾಗಿಲು) ಮೇಲೆ ಕೆಲಸ ಮಾಡುವ ವಿಷಗಳಲ್ಲಿ ಸುಮಾರು 60–70 ಅಮೈನೋ ಆಮ್ಲ, ಸಾಮಾನ್ಯವಾಗಿ 4 ಡೈಸಲ್ಫೈಡ್ ಬಂಧ. ಪೊಟ್ಯಾಸಿಯಂ ಚಾನಲ್ ವಿಷಗಳು ಇನ್ನೂ ಚಿಕ್ಕವು, ಹೆಚ್ಚಿನವುಗಳಲ್ಲಿ 3 ಬಂಧ. 1990ರಲ್ಲಿ ಇದೇ ಕೆಂಪು ಚೇಳಿನ ವಿಷದಿಂದ ಸಿಕ್ಕ ಐಬೀರಿಯೋಟಾಕ್ಸಿನ್ ನೋಡಿ: 37 ಅಮೈನೋ ಆಮ್ಲ, ತೂಕ ಸುಮಾರು 4230 ಡಾಲ್ಟನ್. ಬಂಧ ಒಡೆದಾಗ ಪ್ರತಿ ಸಿಸ್ಟೀನ್‌ಗೆ 1 ಡಾಲ್ಟನ್ ಸೇರುತ್ತದೆ. ಸಿಸ್ಟೀನ್‌ಗೆ ಅಂಟಿಕೊಳ್ಳುವ ಅಯೋಡೋಅಸಿಟಮೈಡ್ ಹಾಕಿದರೆ ಮತ್ತೆ 57. ಒಟ್ಟು 58. ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ತೂಕ 348 ಏರಿತೆಂದರೆ 6 ಸಿಸ್ಟೀನ್, ಅಂದರೆ 3 ಬಂಧ. 464 ಏರಿದ್ದರೆ 8 ಸಿಸ್ಟೀನ್. ಒಂದಕ್ಷರ ಅನುಕ್ರಮ ಓದದೆಯೇ ಇಷ್ಟು ತಿಳಿಯಿತು, ಅಲ್ವಾ?

ಅನುಕ್ರಮ ಓದಲು ಹೋದರೆ ಈ ಐಬೀರಿಯೋಟಾಕ್ಸಿನ್, ಮೊದಲ ತುದಿಯಿಂದ ಒಂದೊಂದೇ ಅಮೈನೋ ಆಮ್ಲ ಕಳಚಿ ಓದುವ ಎಡ್ಮನ್ ವಿಧಾನಕ್ಕೆ ಬಗ್ಗುವುದಿಲ್ಲ. ಅದರ ಮೊದಲ ಗ್ಲುಟಮೈನ್ ಸುತ್ತಿಕೊಂಡು ಪೈರೋಗ್ಲುಟಮೇಟ್ ಆಗಿರುತ್ತದೆ, ತುದಿ ಮುಚ್ಚಿಹೋಗಿರುತ್ತದೆ. ಲೆಕ್ಕದ ತೂಕಕ್ಕಿಂತ ನಿಜವಾದ ತೂಕ 17 ಕಡಿಮೆ ಬಂದರೆ ಮೊದಲು ಇದನ್ನೇ ಅನುಮಾನಿಸಿ.

ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡು ಮಾಡಿ ಡೇಟಾಬೇಸ್‌ನಲ್ಲಿ ಹುಡುಕುವ ವಿಧಾನ ಸುಲಭ, ಆದರೆ ಪಕ್ಷಪಾತ ಮಾಡುತ್ತದೆ. ಟ್ರಿಪ್ಸಿನ್ ಕತ್ತರಿಸುವುದು ಲೈಸಿನ್, ಆರ್ಜಿನಿನ್ ಆದ ಮೇಲೆ. ಈ ಪುಟ್ಟ ವಿಷಗಳಲ್ಲಿ ಅವೆರಡೂ ಹೆಚ್ಚು. ಗುರುತಿಸಲಾಗದಷ್ಟು ಚಿಕ್ಕ ತುಂಡುಗಳಾಗಿಬಿಡುತ್ತವೆ. ದೊಡ್ಡ ಪ್ರೊಟೀನ್‌ಗೆ ಹತ್ತಾರು ತುಂಡು, ಪುಟ್ಟದಕ್ಕೆ ಒಂದೋ ಎರಡೋ. ಹಾಗಾಗಿ ಇಡೀ ಪೆಪ್ಟೈಡ್‌ನ ತೂಕವನ್ನೂ ಅಳೆಯಬೇಕು. ಗ್ರಂಥಿಯ ಆರ್‌ಎನ್‌ಎ ಅನುಕ್ರಮವೂ ಇದ್ದರೆ ಹುಡುಕಾಟ ಗಟ್ಟಿಯಾಗುತ್ತದೆ.

ಇದು ಸುಮ್ನೆ ತಾಂತ್ರಿಕ ಚರ್ಚೆಯಲ್ಲ. ಸೋಡಿಯಂ ಚಾನಲ್ ವಿಷಗಳಲ್ಲಿ ಆಲ್ಫಾ ಎಂಬ ಗುಂಪಿನವು ಆ ಚಾನಲ್ ಬೇಗ ಮುಚ್ಚದಂತೆ ತಡೆಯುತ್ತವೆ. ಮೈಯಲ್ಲಿ ಅಡ್ರಿನಲಿನ್ ಉಕ್ಕಿ, ಹೃದಯ ಸೋತು, ಶ್ವಾಸಕೋಶದಲ್ಲಿ ನೀರು ತುಂಬಬಹುದು. ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ಇದಕ್ಕೆ ರಕ್ತನಾಳ ಸಡಿಲಿಸುವ ಪ್ರಾಜೋಸಿನ್ ಮದ್ದು ಕೊಟ್ಟು ಎಷ್ಟೋ ಜೀವ ಉಳಿಸಿದರು. ಇದರ ಜೊತೆಗೆ, ವಿಷಕ್ಕೆ ಅಂಟಿ ಅದನ್ನು ತಡೆಯುವ ಪ್ರತಿಕಾಯಗಳಿರುವ ಪ್ರತಿವಿಷವೂ ಇದೆ. ಆದರೆ ಪುಟ್ಟ ಪೆಪ್ಟೈಡ್‌ಗಳ ವಿರುದ್ಧ ಪ್ರತಿಕಾಯಗಳು ಹುಟ್ಟುವುದೇ ಕಡಿಮೆ. ಸಾಮಾನ್ಯ ಜೆಲ್‌ನ ಬ್ಲಾಟ್ (ಜೆಲ್‌ನ ಪ್ರೊಟೀನ್‌ಗಳನ್ನು ಹಾಳೆಗೆ ಇಳಿಸಿ ಪ್ರತಿಕಾಯದಿಂದ ನೋಡುವ ಪರೀಕ್ಷೆ) ನೋಡಿ ಪ್ರತಿವಿಷ ಚೆನ್ನಾಗಿ ಹಿಡಿಯುತ್ತಿದೆ ಅಂದರೆ, ಅದು ಹಿಡಿದಿರುವುದು ದೊಡ್ಡ ಪ್ರೊಟೀನ್‌ಗಳನ್ನು ಮಾತ್ರ ಇರಬಹುದು. ಎಚ್‌ಪಿಎಲ್‌ಸಿಯಿಂದ ಬಂದ ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ಎಲೈಸಾದಲ್ಲಿ (ಪ್ರತಿಕಾಯ ಅಂಟಿದೆಯೇ ಎಂದು ಬಣ್ಣದಿಂದ ತಿಳಿಸುವ ಪರೀಕ್ಷೆ) ಪರೀಕ್ಷಿಸಿದರೆ, ಪುಟ್ಟವನ್ನೂ ಹಿಡಿಯುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ.