ಪ್ಲೇ ತೆಗೆದುಕೊಡಿ ಎನ್ನುವವರಿಗೆ

ಗಾಡಿಯ ಕೆಳಗೆ ನುಸುಳಿ, ಎಂಜಿನ್ ಕಡೆಯ ತಿರುವನ್ನು ಹಿಂದಿನ ಚಕ್ರಗಳತ್ತ ಒಯ್ಯುವ ಪ್ರೊಪೆಲರ್ ಶಾಫ್ಟನ್ನು ಹಿಡಿದು ಅತ್ತಿತ್ತ ತಿರುಗಿಸಿ, ಟಕ್ಕೆಂಬ ಸದ್ದು ಕೇಳಿಸಿಕೊಂಡು ಎದ್ದು ಬರುವವರು ಹೇಳುವ ಮಾತು ಒಂದೇ: “ಕ್ರೌನ್ ಪಿನಿಯನ್‌ನಲ್ಲಿ ಪ್ಲೇ ಇದೆ, ತೆಗೆದುಕೊಡಿ.” ಪ್ಲೇ ಎಂದರೆ ಗೇರಿನ ಹಲ್ಲುಗಳ ನಡುವಿನ ಸಡಿಲ ಸಂದು. ಕ್ರೌನ್ ವೀಲ್ ಎಂಬ ದೊಡ್ಡ ಗೇರು, ಅದನ್ನು ತಿರುಗಿಸುವ ಪಿನಿಯನ್ ಎಂಬ ಚಿಕ್ಕ ಗೇರು ಇರುವುದು ಡಿಫರೆನ್ಶಿಯಲ್‌ನಲ್ಲಿ, ಅಂದರೆ ಶಾಫ್ಟಿನ ತಿರುವನ್ನು ಎರಡು ಚಕ್ರಗಳಿಗೆ ಹಂಚುವ ಪೆಟ್ಟಿಗೆಯಲ್ಲಿ. ಅದನ್ನು ಬಿಚ್ಚಿ ಜೋಡಿಸುವುದೇ ನನ್ನ ಕೆಲಸ. ಗೇರಿನ ಹಲ್ಲಿಗಿಂತ ಬೇಗ ಸವೆದಿರುವುದು ಈ ಮಾತು ಕೇಳುವ ನನ್ನ ತಾಳ್ಮೆ.

ಪ್ಲೇ ಇರಲೇಬೇಕು, ಸ್ವಾಮಿ. ಹಲ್ಲು ಹಲ್ಲಿನ ನಡುವೆ ಎಣ್ಣೆಯ ಪದರ ನಿಲ್ಲಬೇಕು. ಬಿಸಿಯಾದಾಗ ಲೋಹ ಹಿಗ್ಗುವುದಕ್ಕೂ ಸಂದು ಬೇಕು. ಸಾಮಾನ್ಯ ಕಾರುಗಳಲ್ಲಿ ಈ ಸಂದು 0.15ರಿಂದ 0.25 ಮಿಲಿಮೀಟರ್ ಆಸುಪಾಸಿನಲ್ಲಿರುತ್ತದೆ. ನಿಮ್ಮ ಗಾಡಿಯ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದನ್ನೇ ನಂಬಿ, ನನ್ನನ್ನಲ್ಲ.

ಈಗ ಒಂದು ಸಣ್ಣ ಲೆಕ್ಕ. ಕ್ರೌನ್ ವೀಲ್ 200 ಮಿಲಿಮೀಟರ್ ವ್ಯಾಸದ್ದು, ಸಂದು 0.20 ಎಂದುಕೊಳ್ಳಿ. ಅಂಚಿನಲ್ಲಿ ಅಷ್ಟು ಸರಿಯಬೇಕಾದರೆ ಕ್ರೌನ್ ವೀಲ್ ತಿರುಗುವುದು ಒಂದು ಡಿಗ್ರಿಯ ಒಂಬತ್ತರಲ್ಲೊಂದು ಪಾಲು. ಪಿನಿಯನ್ ಅದರ ನಾಲ್ಕು ಪಟ್ಟು ತಿರುಗುತ್ತದೆ ಎಂದರೂ ಅರ್ಧ ಡಿಗ್ರಿ ಆಗುವುದಿಲ್ಲ. ನಿಮ್ಮ ಕೈಗೆ ನಾಲ್ಕೈದು ಡಿಗ್ರಿ ಅಲುಗಾಟ ಸಿಕ್ಕಿತೇ? ಹಾಗಾದರೆ ಉಳಿದದ್ದು ಬೇರೆಲ್ಲಿಂದಲೋ ಬರುತ್ತಿದೆ. ಬಹಳ ಸಲ, ಎರಡು ಚಕ್ರಗಳಿಗೆ ತಿರುವು ಹಂಚುವ ಒಳಗೇರುಗಳಾದ ಸ್ಟಾರ್ ಪಿನಿಯನ್ ಮತ್ತು ಸನ್ ಗೇರ್‌ಗಳ ನಡುವಿನಿಂದ. ಅವು ಚಿಕ್ಕವು, ಅಷ್ಟೇ ಸಂದು ಚಿಕ್ಕ ಗೇರಿನಲ್ಲಿ ದೊಡ್ಡ ಕೋನವಾಗುತ್ತದೆ, ಅದೂ ನಾಲ್ಕು ಪಟ್ಟಾಗಿಯೇ ನಿಮ್ಮ ಕೈ ಸೇರುತ್ತದೆ. ಅವುಗಳ ಹಿಂದಿನ ವಾಷರ್ ಸವೆದಿರಬಹುದು, ಆಕ್ಸಲ್ ತುದಿಯ ಉದ್ದುದ್ದ ಹಲ್ಲುಗಳು, ಅಂದರೆ ಸ್ಪ್ಲೈನ್, ಸವೆದಿರಬಹುದು, ಶಾಫ್ಟಿನ ಕೀಲಾದ ಯೂನಿವರ್ಸಲ್ ಜಾಯಿಂಟ್ ಸಡಿಲವಾಗಿರಬಹುದು. ಕ್ರೌನ್ ವೀಲನ್ನು ಪಿನಿಯನ್ನಿಗೆ ಒತ್ತಿದರೆ ಇವುಗಳಲ್ಲಿ ಯಾವುದೂ ಸರಿಹೋಗುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಗಿರಾಕಿಯ ಆತಂಕ ನ್ಯಾಯವಾದದ್ದು. ಪಿನಿಯನ್ ತಿರುಗುವ ಬದಲು ಮೇಲೆ ಕೆಳಗೆ ಅಥವಾ ಹಿಂದೆ ಮುಂದೆ ಅಲುಗಿದರೆ ಬೇರಿಂಗ್ ಹೋಗಿದೆ ಎಂದೇ ನಾನು ಅನುಮಾನಿಸುತ್ತೇನೆ. ಆಗ ಗಾಡಿ ಓಡಿಸಬೇಡಿ.

ಒಬ್ಬರು ಬೇರೆ ಕಡೆ ‘ಪ್ಲೇ ತೆಗೆಸಿಕೊಂಡು’ ನನ್ನಲ್ಲಿಗೆ ಬಂದರು. ಡಿಫರೆನ್ಶಿಯಲ್‌ನ ಹೊರಕವಚವಾದ ಹೌಸಿಂಗ್ ಮೇಲೆ ಕೈ ಇಡಲಾಗದಷ್ಟು ಬಿಸಿ, ಸುಟ್ಟ ಎಣ್ಣೆಯ ವಾಸನೆ. ಬಿಚ್ಚಿ, ಸಂದು ಅಳೆಯುವ ಡಯಲ್ ಗೇಜ್ ಇಟ್ಟರೆ ಒಂದು ಜಾಗದಲ್ಲಿ 0.08, ಅರ್ಧ ಸುತ್ತಿನಾಚೆ ಹೆಚ್ಚುಕಡಿಮೆ ಸೊನ್ನೆ. ಕ್ರೌನ್ ವೀಲ್ ಕೂರುವ ಮುಖದಲ್ಲಿ ಕಸ ಸಿಕ್ಕಿ ಅದು ವಾಲಿತ್ತು. ಜೋಡಿಸಿದವರು ಅಳೆದಿದ್ದರೂ ಒಂದೇ ಕಡೆ ಅಳೆದಿರಬೇಕು. ಕನಿಷ್ಠ ನಾಲ್ಕು ಕಡೆ ಅಳೆಯಬೇಕು. ಹಲ್ಲುಗಳ ಮೇಲೆ ಗೀರು ಎದ್ದಿತ್ತು. ಕ್ರೌನ್ ವೀಲ್ ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಜೊತೆಯಾಗಿಯೇ ಉಜ್ಜಿ ಹೊಂದಿಸಿದ ಜೋಡಿ, ಒಂದನ್ನೇ ಬದಲಿಸುವಂತಿಲ್ಲ. ಎರಡೂ ಹೋದವು. ಆ ಮನುಷ್ಯ ನನ್ನ ಮುಖ ನೋಡದೆ, “ಮೊದಲು ಬರೀ ಟಕ್ ಎನ್ನುತ್ತಿತ್ತು” ಎಂದರು. ಬೈಯುವ ಮನಸ್ಸಾಗಲಿಲ್ಲ.

ಸಂದು ಸರಿ ಇದ್ದ ಮಾತ್ರಕ್ಕೆ ಜೋಡಣೆ ಸರಿ ಇದೆ ಎಂದೂ ಅಲ್ಲ. ಪಿನಿಯನ್ ಎಷ್ಟು ಒಳಗೆ ಕೂತಿದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ತಪ್ಪು ಆಳದಲ್ಲಿ ಕೂತ ಪಿನಿಯನ್ನಿಗೂ ಕ್ರೌನ್ ವೀಲನ್ನು ಸರಿಸಿ ಸರಿಯಾದ ಸಂದು ತರಬಹುದು. ಆಳ ತಿಳಿಯಲು ಹಲ್ಲಿಗೆ ಮಾರ್ಕಿಂಗ್ ಪೇಸ್ಟ್ ಬಳಿದು, ಸ್ವಲ್ಪ ಬಿಗಿ ಹಿಡಿದು ತಿರುಗಿಸಿ, ಮೂಡಿದ ಅಚ್ಚನ್ನು ನೋಡಬೇಕು. ಕ್ರೌನ್ ವೀಲಿನ ಹಲ್ಲಿನ ತಲೆಯ ಕಡೆ ಅಚ್ಚು ಬಿದ್ದರೆ ಪಿನಿಯನ್ ದೂರವಿದೆ, ಬುಡಕ್ಕೆ ಇಳಿದರೆ ಹೆಚ್ಚು ಒಳಗೆ ಹೋಗಿದೆ. ಆಳ ಹೊಂದಿಸುವ ತೆಳು ಬಿಲ್ಲೆ, ಅಂದರೆ ಶಿಮ್, ಬದಲಿಸಬೇಕು, ಮತ್ತೆ ಜೋಡಿಸಬೇಕು, ಮತ್ತೆ ಬಳಿಯಬೇಕು. ಐದಾರು ಸಲವಾದರೂ ಆಶ್ಚರ್ಯವಿಲ್ಲ. “ಇನ್ನೂ ಆಗಲಿಲ್ಲವೇ?” ಎಂಬ ಫೋನ್ ಬರುವುದು ಸರಿಯಾಗಿ ಮೂರನೆಯ ಸಲಕ್ಕೆ.

ಬಿಗಿ ಮಾಡುವ ಚಪಲ ಆಯಿಲ್ ಸೀಲ್ ಬದಲಿಸುವವರಿಗೂ ಇದೆ. ಪಿನಿಯನ್ ನಟ್ಟನ್ನು, ನಟ್ ಬಿಗಿಸುವ ಗನ್ ಹಿಡಿದು ಎಳೆದುಬಿಡುತ್ತಾರೆ. ಒಳಗೆ ಜಜ್ಜಿ ಕುಗ್ಗುವ ಸ್ಲೀವ್ ಇದ್ದರೆ ಬೇರಿಂಗ್ ಮೇಲೆ ಮೊದಲೇ ಇಡುವ ಒತ್ತಡ, ಅಂದರೆ ಪ್ರೀಲೋಡ್, ಮಿತಿ ಮೀರುತ್ತದೆ. ನಟ್ ಸಡಿಲಿಸಿದರೆ ಸ್ಲೀವ್ ಹಿಂದಿನ ಉದ್ದಕ್ಕೆ ಮರಳುವುದಿಲ್ಲ, ಹೊಸದೇ ಬೇಕು.

ನನಗೆ ಇಷ್ಟವಾಗುವ ಗಿರಾಕಿ ಒಬ್ಬ ಹಿರಿಯ ಚಾಲಕರು. ಅವರು ಶಾಫ್ಟ್ ಅಲ್ಲಾಡಿಸುವುದಿಲ್ಲ. ರೇಡಿಯೊ ಆರಿಸಿ, ಕಿಟಕಿ ಏರಿಸಿ ಕಿವಿಗೊಟ್ಟು ಬಂದು, “ಅರವತ್ತರ ವೇಗದಲ್ಲಿ ಕಾಲು ಒತ್ತಿದರೆ ಊಳಿಡುತ್ತದೆ, ಕಾಲು ಎತ್ತಿದರೆ ಸುಮ್ಮನಾಗುತ್ತದೆ” ಎನ್ನುತ್ತಾರೆ. ಅಷ್ಟು ಹೇಳಿದರೆ ಹಲ್ಲಿನ ಯಾವ ಮಗ್ಗುಲನ್ನು ಮೊದಲು ನೋಡಬೇಕೆಂದು ಹೌಸಿಂಗ್ ಬಿಚ್ಚುವ ಮುಂಚೆಯೇ ನನಗೆ ಗೊತ್ತಾಗಿರುತ್ತದೆ.