ಒಂದು ಗೇಣು ಹಿಂದೆ ನಿಂತ ಕಾರು

ಘಾಟಿಯಲ್ಲಿ ಗಾಡಿ ಮಗುಚಿದರೆ ನಮ್ಮ ಕಡೆ ಒಂದು ಮಾತು ತಕ್ಷಣ ಹುಟ್ಟುತ್ತದೆ: "ಆ ಜಾಗವೇ ಸರಿಯಿಲ್ಲ ಕಣ್ರೀ, ಅಲ್ಲಿ ಏನೋ ಇದೆ." ಟ್ರೇಲರ್ ಎಳೆಯುವ ಗಾಡಿಗಳ ವಿಷಯದಲ್ಲಿ ಈ ಮಾತು ಇನ್ನೂ ಬೇಗ ಅಂಟಿಕೊಳ್ಳುತ್ತದೆ. ನೋಡಿದವರ ತಪ್ಪೂ ಅಲ್ಲ ಬಿಡಿ. ರಸ್ತೆ ನೆಟ್ಟಗಿರುತ್ತದೆ, ಮಳೆ ಇರುವುದಿಲ್ಲ, ಟೈರು ಒಡೆದಿರುವುದಿಲ್ಲ. ಟ್ರೇಲರ್ ಮೊದಲು ಮೆಲ್ಲಗೆ ಬಾಲ ಅಲ್ಲಾಡಿಸುತ್ತದೆ. ಆಮೇಲೆ ಸ್ವಲ್ಪ ಜೋರಾಗಿ. ನಾಲ್ಕೈದು ಓಲಾಟದೊಳಗೆ ಎಳೆಯುವ ಗಾಡಿಯನ್ನೂ ಸೇರಿಸಿಕೊಂಡು ಚರಂಡಿಗೆ ಹೋಗುತ್ತದೆ. ಯಾರೋ ಹಿಡಿದು ಅಲ್ಲಾಡಿಸಿದ ಹಾಗೇ ಕಾಣುತ್ತದೆ. ಬಂಪರಿಗೆ ಕಟ್ಟಿದ ನಿಂಬೆಹಣ್ಣು ಸಾಲಲಿಲ್ಲ ಅಂತ ಮುಂದಿನ ಸಲ ದೃಷ್ಟಿಗೊಂಬೆ ಬರುತ್ತದೆ.

ಯಾರೂ ಅಲ್ಲಾಡಿಸಿರುವುದಿಲ್ಲ. ಬಹಳ ಸಲ ಲೋಡು ಒಂದು ಗೇಣು ಹಿಂದೆ ಕೂತಿರುತ್ತದೆ, ಅಷ್ಟೆ.

ಚಿಕ್ಕಮಗಳೂರಿನ ಸುತ್ತ ಈ ವಿಷಯಕ್ಕೆ ಬೆಲೆ ಇದೆ. ಇಲ್ಲಿನ ಕಾಫಿ ತೋಟಗಳ ಮಣ್ಣು ರಸ್ತೆಗಳಲ್ಲಿ ರಾಷ್ಟ್ರೀಯ ರ‍್ಯಾಲಿ ನಡೆದಿದೆ, ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತುಗಳೂ ನಡೆದಿವೆ. 2016ರ ಏಷ್ಯಾ ಪೆಸಿಫಿಕ್ ಚಾಂಪಿಯನ್ ಗೌರವ್ ಗಿಲ್ ಸ್ಕೋಡಾ ಫಾಬಿಯಾ ಓಡಿಸಿದ್ದು ಇಲ್ಲಿನ ಜನ ಕಣ್ಣಾರೆ ಕಂಡಿದ್ದಾರೆ. ಅದನ್ನು ನೋಡಿ ಹಳೇ ಜಿಪ್ಸಿಗೋ ಪೋಲೋಗೋ ಮಗುಚಿದರೆ ಜೀವ ಕಾಯುವ ಕೊಳವೆಗಳ ಗೂಡು, ಅಂದರೆ ರೋಲ್ ಕೇಜ್ ಹಾಕಿಸಿಕೊಂಡ ಹುಡುಗರು ಹಾಸನದಲ್ಲೂ ಇದ್ದಾರೆ, ಮೂಡಿಗೆರೆಯಲ್ಲೂ ಇದ್ದಾರೆ. ಕಾರು ರೆಡಿ ಆದ ಮೇಲೆ ಅದನ್ನು ಟ್ರೇಲರಿನಲ್ಲಿ ಹೇರಿಕೊಂಡು ಹೋಗಬೇಕಲ್ಲ, ಎಲ್ಲರದ್ದೂ ಒಂದೇ ಪ್ರಶ್ನೆ: ಎಳೆಯೋದಕ್ಕೆ ಯಾವ ಗಾಡಿ ತಗೊಳ್ಳಲಿ, ಎಷ್ಟು ಬಿಎಚ್‌ಪಿ ಬೇಕು?

ಬಿಎಚ್‌ಪಿ ಲೆಕ್ಕ, ಅಂದರೆ ಎಂಜಿನ್ ಶಕ್ತಿಯ ಲೆಕ್ಕ, ಮೊದಲು ಮುಗಿಸಿಬಿಡೋಣ. ಎಳೆಯುವ ಗಾಡಿ, ಟ್ರೇಲರ್, ಕಾರು, ಸಾಮಾನು ಎಲ್ಲ ಸೇರಿ 4 ಟನ್ ಅಂದುಕೊಳ್ಳಿ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹತ್ತಲು ಚಕ್ರಕ್ಕೆ ತಲುಪಬೇಕಾದ ಶಕ್ತಿ ಸುಮಾರು 35 ಬಿಎಚ್‌ಪಿ. ಈಗಿನ ಯಾವ ಡೀಸೆಲ್ ಎಸ್‌ಯುವಿಯಲ್ಲಿ ಅಷ್ಟಿಲ್ಲ ಹೇಳಿ? ಎಂಜಿನ್ ಹತ್ತಿಸುತ್ತದೆ. ನೆಟ್ಟಗೆ ಇಟ್ಟುಕೊಳ್ಳುವುದು ಅದರ ಕೆಲಸವೇ ಅಲ್ಲ.

ನೆಟ್ಟಗೆ ಇಡುವುದು ತೂಕ ಕೂತ ಜಾಗ. ಇದು ನಮ್ಮ ಎತ್ತಿನ ಗಾಡಿಯವರಿಗೆ ಗೊತ್ತಿದ್ದ ವಿಷಯ. ಭತ್ತದ ಮೂಟೆ ಹಿಂದೆ ಜಾಸ್ತಿ ಆದರೆ ಮೂಕಿ, ಅಂದರೆ ನೊಗಕ್ಕೆ ಕಟ್ಟುವ ಉದ್ದ ಮರ, ಮೇಲೇಳುತ್ತದೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂದೆ ಜಾಸ್ತಿ ಆದರೆ ಹೆಗಲ ಮೇಲೆ ಭಾರ ಬೀಳುತ್ತದೆ. ಅದಕ್ಕೆ ಗಾಡಿ ಹೊಡೆಯುವವನು ಕೊಂಚ ಮುಂಭಾರ ಇರುವ ಹಾಗೆ ಮೂಟೆ ಜೋಡಿಸುತ್ತಿದ್ದ. ಏರು ಬಂದರೆ ತಾನೇ ಮೂಕಿ ಕಡೆಗೆ ಸರಿದು ಕೂರುತ್ತಿದ್ದ.

ಈ ಜಿಲ್ಲೆಗೆ ಭಾರ ಎಳೆಯುವ ವಿದ್ಯೆ ಹೊಸದೇನಲ್ಲ. ಅಜ್ಜಂಪುರದಲ್ಲಿ ಇವತ್ತಿಗೂ ಅಮೃತಮಹಲ್ ದನಗಳ ತಳಿ ಕೇಂದ್ರ ಇದೆ. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳಿಗೆ ಅಮೃತಮಹಲ್ ಅಂತ ಹೆಸರಿಟ್ಟವನು ಟಿಪ್ಪು. ಹೈದರ್, ಟಿಪ್ಪು ಇಬ್ಬರ ಸೇನೆಯ ಸಾಮಾನು ಸರಂಜಾಮು, ಫಿರಂಗಿಗಳನ್ನು ಎಳೆದದ್ದು ಇದೇ ಎತ್ತುಗಳು. ಅವುಗಳ ನಡಿಗೆಯ ವೇಗದಲ್ಲಿ ಮುಂಭಾರ ಹಿಂಭಾರ ಎತ್ತಿನ ಹೆಗಲಿಗೆ ಮಾತ್ರ ಸಂಬಂಧಪಟ್ಟ ವಿಷಯ. ಗಂಟೆಗೆ 80 ಕಿ.ಮೀ. ದಾಟಿದಾಗ ಅದೇ ವಿಷಯ ಬೇರೆ ರೂಪ ತಾಳುತ್ತದೆ. ಅದೇ ನನಗೆ ಇಷ್ಟವಾದ ಭಾಗ.

ಟೈರು ಮುಖ ಮಾಡಿದ ಕಡೆಗೇ ಉರುಳುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ನಿಜವಲ್ಲ. ಪಕ್ಕಕ್ಕೆ ಒತ್ತಡ ಬಿದ್ದಾಗ ರಬ್ಬರ್ ಸ್ವಲ್ಪ ಸೊಟ್ಟಗಾಗಿ, ಚಕ್ರ ಒಂದೆರಡು ಡಿಗ್ರಿ ಓರೆಯಾಗಿ ಉರುಳುತ್ತದೆ. 1925ರಲ್ಲಿ ಫ್ರಾನ್ಸಿನ ಜಾರ್ಜ್ ಬ್ರೂಲಿಯೆ ಇದನ್ನು ಗುರುತಿಸಿದ. ಆಗಿನ ಕಾರುಗಳ ಮುಂದಿನ ಚಕ್ರ ಗಡಗಡ ನಡುಗುವ ಕಾಯಿಲೆಗೆ ಕಾರಣ ಹುಡುಕುವ ಕಾಲ ಅದು. ಮುಂದೆ ನೆದರ್ಲೆಂಡ್ಸಿನ ಹಾನ್ಸ್ ಪಸೇಕ 1966ರಲ್ಲಿ ಆ ನಡುಕದ ಮೇಲೇ ಡಾಕ್ಟರೇಟ್ ಪ್ರಬಂಧ ಬರೆದ. ಇವತ್ತು ಕಾರು ಕಂಪನಿಗಳು ಕಂಪ್ಯೂಟರಿನಲ್ಲಿ ಟೈರಿನ ಲೆಕ್ಕ ಮಾಡುವಾಗ ಬಳಸುವ ಸೂತ್ರಕ್ಕೂ ಅವನದೇ ಹೆಸರಿದೆ.

ಆ ಓರೆಯ ಕೋನ ದೊಡ್ಡದಾದಷ್ಟೂ ಟೈರು ಪಕ್ಕಕ್ಕೆ ಕೊಡುವ ತಳ್ಳು ಜಾಸ್ತಿ. ಟ್ರೇಲರಿನ ಬಾಲ ಎಡಕ್ಕೆ ಸರಿಯಿತು ಅಂದುಕೊಳ್ಳಿ. ಈಗ ಟೈರಿಗೆ ಎರಡು ಕೆಲಸ. ಒಂದು, ಟ್ರೇಲರನ್ನು ಮತ್ತೆ ನೇರಕ್ಕೆ ತರುವುದು. ಇನ್ನೊಂದು, ನೇರಕ್ಕೆ ಬಂದ ಮೇಲೆ ಬಲಕ್ಕೆ ದಾಟಿ ಹೋಗದಂತೆ ಓಲಾಟವನ್ನು ನುಂಗುವುದು. ಮೊದಲನೆಯದನ್ನು ಟೈರು ಯಾವ ವೇಗದಲ್ಲೂ ಮಾಡುತ್ತದೆ. ಎರಡನೆಯದರಲ್ಲಿ ಕೈಕೊಡುತ್ತದೆ. ಬಾಲ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಪಕ್ಕಕ್ಕೆ ಹೋಗುತ್ತಿದೆ ಅನ್ನಿ. ಗಾಡಿ ಗಂಟೆಗೆ 36 ಕಿ.ಮೀ.ನಲ್ಲಿ ಹೋಗುತ್ತಿದ್ದರೆ ಟೈರಿಗೆ ಆ ಓಲಾಟ ಸುಮಾರು 6 ಡಿಗ್ರಿ ಓರೆಯಾಗಿ ಕಾಣುತ್ತದೆ, ಗಟ್ಟಿಯಾಗಿ ತಡೆಯುತ್ತದೆ. 90 ಕಿ.ಮೀ.ನಲ್ಲಿ ಹೋಗುತ್ತಿದ್ದರೆ ಅದೇ ಓಲಾಟ ಬರೀ 2.3 ಡಿಗ್ರಿ. ಮುಂದಕ್ಕೆ ಅಷ್ಟು ಜೋರಾಗಿ ಓಡುವಾಗ ಪಕ್ಕದ ಚಲನೆ ಲೆಕ್ಕಕ್ಕೇ ಸಿಗುವುದಿಲ್ಲ, ತಡೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಸರಿ, ತಡೆ ಕಡಿಮೆಯಾದರೆ ಓಲಾಟ ನಿಧಾನಕ್ಕೆ ನಿಲ್ಲಬೇಕು. ಬೆಳೆಯುವುದು ಯಾಕೆ? ಟ್ರೇಲರನ್ನು ಗಾಡಿಗೆ ಸಿಕ್ಕಿಸುವ ಕೊಂಡಿಯನ್ನು ಗೋಡೆಗೆ ಹೊಡೆದಿಲ್ಲ, ಓಡುವ ಗಾಡಿಯ ಬಾಲಕ್ಕೆ ಕಟ್ಟಿದ್ದೇವೆ. ಓಲಾಡುವ ಟ್ರೇಲರ್ ಆ ಬಾಲವನ್ನು ಪಕ್ಕಕ್ಕೆ ಒದೆಯುತ್ತದೆ. ಕೊಂಡಿ ಹಿಂದಿನ ಆಕ್ಸಲಿನಿಂದ ಎಷ್ಟು ಹಿಂದಿದೆಯೋ ಅಷ್ಟು ಉದ್ದದ ಸನ್ನೆಗೋಲು ಅದಕ್ಕೆ ಸಿಕ್ಕ ಹಾಗೆ. ಗಾಡಿಯ ಮೂತಿ ತಿರುಗುತ್ತದೆ, ಅದರ ಟೈರುಗಳು ಸ್ವಲ್ಪ ತಡವಾಗಿ ಉತ್ತರ ಕೊಡುತ್ತವೆ. ಆ ಉತ್ತರ ಬರುವ ಹೊತ್ತಿಗೆ ಟ್ರೇಲರ್ ಆಚೆ ಕಡೆಗೆ ಹೊರಟಿರುತ್ತದೆ, ತಳ್ಳು ಅದರ ಜೊತೆಗೇ ಸೇರಿಕೊಳ್ಳುತ್ತದೆ. ಪ್ರತಿ ಲೋಡಿಗೂ ಒಂದು ವೇಗ ಇದೆ. ಅದರ ಕೆಳಗೆ ಟೈರು ನುಂಗುವುದು ಜಾಸ್ತಿ, ಸೇರುವುದು ಕಡಿಮೆ. ಅದನ್ನು ದಾಟಿದರೆ ಉಲ್ಟಾ. ಲಾರಿ ಓವರ್‌ಟೇಕ್ ಮಾಡಿದ ಗಾಳಿ ತಾಗಿದರೂ ಸಾಕು ಆಮೇಲೆ. ಗಾಬರಿಯಾಗಿ ಸ್ಟೇರಿಂಗ್ ತಿರುಗಿಸಿದರೆ ನಿಮ್ಮ ಕೈಯೂ ತಡವಾಗಿಯೇ ಉತ್ತರ ಕೊಡುತ್ತದೆ, ಅದೂ ಓಲಾಟಕ್ಕೇ ಸೇರುತ್ತದೆ.

ತೂಕ ಹಿಂದೆ ಸರಿದಷ್ಟೂ ಈ ವೇಗ ಕೆಳಗಿಳಿಯುತ್ತದೆ. ಟ್ರೆಡ್‌ಮಿಲ್ ಮೇಲೆ ಆಟಿಕೆ ಕಾರಿಗೆ ಪುಟ್ಟ ಟ್ರೇಲರ್ ಕಟ್ಟಿ ಇದನ್ನು ತೋರಿಸುವುದುಂಟು. ಬೊಂಬೆ ಟ್ರೇಲರಿನ ಮುಂದೆ ತೂಕ ಇಟ್ಟು ಬೆರಳಿನಿಂದ ತಟ್ಟಿದರೆ ಎರಡು ಸಲ ಅಲ್ಲಾಡಿ ಸುಮ್ಮನಾಗುತ್ತದೆ. ಅದೇ ತೂಕವನ್ನು ಹಿಂದಿಟ್ಟು ತಟ್ಟಿದರೆ ಕಾರನ್ನೂ ಕರೆದುಕೊಂಡು ಮಗುಚಿಕೊಳ್ಳುತ್ತದೆ. ನಮ್ಮ ಹೈಸ್ಕೂಲುಗಳಲ್ಲಿ ಇದನ್ನು ಒಂದು ಸಲ ಮಾಡಿ ತೋರಿಸಿದರೆ ಘಾಟಿಯ ಎಷ್ಟೋ ದೆವ್ವಗಳಿಗೆ ಕೆಲಸ ಹೋಗುತ್ತದೆ.

ಈಗ ಗೇಣಿನ ಲೆಕ್ಕ. ಕಾರು 1100 ಕೆಜಿ, ಖಾಲಿ ಟ್ರೇಲರ್ ಮತ್ತು ಸಾಮಾನು 700, ಒಟ್ಟು 1800. ಕೊಂಡಿಯಿಂದ ಟ್ರೇಲರಿನ ಆಕ್ಸಲಿಗೆ ಮೂರೂವರೆ ಮೀಟರ್. ಅಮೆರಿಕದ ರೂಢಿಯಲ್ಲಿ ಒಟ್ಟು ತೂಕದ ಶೇಕಡಾ 10ರಿಂದ 15 ಕೊಂಡಿಯ ಮೇಲೆ ಕೂರಬೇಕು. ಯೂರೋಪಿನವರು ಇದಕ್ಕಿಂತ ಕಡಿಮೆ ಇಡುತ್ತಾರೆ, ವೇಗದ ಮಿತಿಯನ್ನೂ ಕಡಿಮೆ ಇಟ್ಟುಕೊಂಡಿದ್ದಾರೆ. ನಮ್ಮ ಲೋಡಿಗೆ 10 ಅಂದರೆ 180 ಕೆಜಿ. ಕಾರನ್ನು ಒಂದು ಗೇಣು, ಅಂದರೆ 23 ಸೆಂ.ಮೀ. ಹಿಂದಕ್ಕೆ ನಿಲ್ಲಿಸಿದರೆ ಕೊಂಡಿಯ ಭಾರ 72 ಕೆಜಿ ಇಳಿಯುತ್ತದೆ. ಉಳಿದದ್ದು ಶೇಕಡಾ 6. ಕಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ.

ಅದಕ್ಕೇ ತೂಗಬೇಕು. ತೋಟದಲ್ಲಿ ಕಾಫಿ ಹಣ್ಣು ತೂಗುವ ಯಂತ್ರ ಧಾರಾಳ ಸಾಕು. ಟ್ರೇಲರಿನ ಚಕ್ರಕ್ಕೆ ಕಲ್ಲು ಕೊಟ್ಟು, ಕೊಂಡಿಯನ್ನು ಗಾಡಿಗೆ ಸಿಕ್ಕಿಸಿದಾಗ ಇರುವ ಎತ್ತರಕ್ಕೇ ಬರುವಂತೆ ಇಟ್ಟಿಗೆ ಜೋಡಿಸಿ ಯಂತ್ರದ ಮೇಲೆ ಕೂರಿಸಿ. ಎತ್ತರ ತಪ್ಪಿದರೆ ತೂಕವೂ ತಪ್ಪು. ಮನೆಯ ಸ್ನಾನದ ಕೋಣೆಯ ತೂಕದ ಯಂತ್ರ ಮಾತ್ರ ಇದ್ದರೆ ಮೂರಡಿ ಹಲಗೆ ಬೇಕು. ಹಲಗೆಯ ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ಯಂತ್ರದ ಮೇಲೆ. ಕೊಂಡಿಯನ್ನು ಇಟ್ಟಿಗೆಯಿಂದ ಒಂದಡಿ ದೂರದಲ್ಲಿ ಕೂರಿಸಿ. ಯಂತ್ರ ತೋರಿಸಿದ್ದಕ್ಕೆ ಮೂರರಿಂದ ಗುಣಿಸಿ. ಖಾಲಿ ಹಲಗೆಯ ತೂಕ ಮೊದಲೇ ಕಳೆದಿರಬೇಕು ಅನ್ನುವುದನ್ನು ಹೇಳಬೇಕಿಲ್ಲ ತಾನೇ?

ಇನ್ನು ನಿಜವಾದ ಅಪಾಯ ರ‍್ಯಾಲಿ ಮುಗಿದ ಸಂಜೆ. ಮುಂದಿನ ಸಸ್ಪೆನ್ಷನ್ ಮುರಿದಿದೆ, ಕಾರು ತಾನಾಗಿ ಹತ್ತುವುದಿಲ್ಲ. ಹಿಂದಿನ ಚಕ್ರ ಸರಿಯಿದೆ ಅಂತ ವಿಂಚ್ ಹಾಕಿ ಹಿಮ್ಮುಖವಾಗಿ ಎಳೆದು ಹತ್ತಿಸುತ್ತಾರೆ. ಚಕ್ರಗಳು ಬಂದಾಗ ನಿಂತಿದ್ದ ಜಾಗದಲ್ಲೇ ನಿಂತಿವೆ, ಬೆಲ್ಟ್ ಕಟ್ಟಿದ್ದಾಯಿತು, ಹೊರಟರು. ಎಂಜಿನ್ ಮುಂದಿರುವ ಇಂಥ ಕಾರಿನಲ್ಲಿ ತೂಕದ ಶೇಕಡಾ 60ರಷ್ಟು ಮುಂದಿನ ಚಕ್ರಗಳ ಮೇಲೆ ಇರುತ್ತದೆ. ತಿರುಗಿಸಿ ನಿಲ್ಲಿಸಿದಾಗ ಭಾರದ ಕೇಂದ್ರ ಹೆಚ್ಚು ಕಡಿಮೆ ಅರ್ಧ ಮೀಟರ್ ಹಿಂದೆ ಹೋಯಿತು. ಕೊಂಡಿಯ ಭಾರ 180ರಿಂದ ಸುಮಾರು 23 ಕೆಜಿಗೆ ಇಳಿಯಿತು. ಬರುವಾಗ ಗುಂಡಿನಂತೆ ನೆಟ್ಟಗಿದ್ದ ಟ್ರೇಲರ್ ವಾಪಸು ಹೋಗುವಾಗ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಓಲಾಡಿದರೆ ಜನ ಇನ್ನೇನು ಹೇಳಬೇಕು? ದೃಷ್ಟಿ ಅಂತಲೇ ಹೇಳುತ್ತಾರೆ. ಟೂಲ್‌ಬಾಕ್ಸು, ನಾಲ್ಕು ಸ್ಟೆಪ್ನಿ ಟ್ರೇಲರಿನ ತೀರಾ ಹಿಂದಿನ ಅಂಚಿನಲ್ಲಿದ್ದರೆ ಇನ್ನೂ ಕಷ್ಟ. ತಿರುಗುವ ಜಡತೆ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಆಕ್ಸಲಿನಿಂದ ಅರ್ಧ ಮೀಟರಿನಲ್ಲಿರುವ ಟೈರನ್ನು ಎರಡು ಮೀಟರಿಗೆ ಸರಿಸಿದರೆ ಆಕ್ಸಲಿನ ಸುತ್ತ ಅದರ ಜಡತೆ ಹದಿನಾರು ಪಟ್ಟು.

ಇಷ್ಟು ಅರ್ಥವಾದರೆ ಗಾಡಿ ಆರಿಸುವುದು ಸುಲಭ. ಥಾರ್ ಬಲಶಾಲಿ, ಕೆಸರಿನಲ್ಲಿ ಏಳುತ್ತದೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಮೂರು ಬಾಗಿಲಿನ ಥಾರಿನ ಚಕ್ರಾಂತರ, ಅಂದರೆ ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವಿನ ದೂರ, 2450 ಮಿ.ಮೀ. ಇನೋವಾ ಕ್ರಿಸ್ಟಾದ್ದು 2750, ಹೈಲಕ್ಸಿನದ್ದು 3085. ಚಕ್ರಾಂತರ ಉದ್ದವಿದ್ದಷ್ಟೂ ಬಾಲಕ್ಕೆ ಬಿದ್ದ ಒದೆತಕ್ಕೆ ಮೂತಿ ಕಡಿಮೆ ತಿರುಗುತ್ತದೆ. ಪಿಕಪ್ಪುಗಳಲ್ಲಿ ಒಂದು ತೊಂದರೆ ಇದೆ, ಹಿಂದಿನ ಆಕ್ಸಲಿನಾಚೆ ಬಾಲವೂ ಉದ್ದ. ಆದರೂ ಎರಡನ್ನೂ ತೂಗಿ ನೋಡಿದರೆ ನನ್ನ ಓಟು ಉದ್ದ ಚಕ್ರಾಂತರದ, ಟ್ರೇಲರಿಗಿಂತ ಭಾರವಾದ ಗಾಡಿಗೆ. ಕಂಪನಿಯ ಕೈಪಿಡಿಯಲ್ಲಿ ಎಳೆಯುವ ತೂಕ ಮತ್ತು ಕೊಂಡಿಯ ಭಾರದ ಮಿತಿ ಕೊಟ್ಟಿದ್ದರೆ ಅದೇ ಕೊನೆಯ ಮಾತು. ಗ್ಯಾರೇಜಿನವರ "ಏನಾಗಲ್ಲ ಸಾರ್" ಲೆಕ್ಕಕ್ಕಿಲ್ಲ.

ಬಾಲದ ಸನ್ನೆಗೋಲನ್ನೇ ಇಲ್ಲವಾಗಿಸುವ ದಾರಿಯೂ ಇದೆ. 1914ರಲ್ಲಿ ಡೆಟ್ರಾಯಿಟಿನ ಮರದ ವ್ಯಾಪಾರಿಯೊಬ್ಬ ತನ್ನ ದೋಣಿಯನ್ನು ಫೋರ್ಡ್ ಕಾರಿನ ಹಿಂದೆ ಎಳೆದುಕೊಂಡು ಹೋಗಬೇಕು ಅಂದ. ಆಗಸ್ಟ್ ಫ್ರೂಹಾಫ್ ಎಂಬ ಕಮ್ಮಾರ ಅದಕ್ಕೆ ಒಂದು ಟ್ರೇಲರ್ ಮಾಡಿಕೊಟ್ಟ. ಇವತ್ತು ಶಿರಾಡಿಯಲ್ಲಿ ಉಸಿರು ಬಿಡುತ್ತಾ ಹತ್ತುವ ಕಂಟೇನರ್ ಲಾರಿಗಳೆಲ್ಲ ಅದೇ ವಂಶದವು. ಅವುಗಳ ಟ್ರೇಲರಿನ ಮೂತಿ ಕೂರುವುದು ಎಳೆಯುವ ಲಾರಿಯ ಹಿಂದಿನ ಆಕ್ಸಲಿನ ಮೇಲೇ. ಒದೆಯುವುದಕ್ಕೆ ಉದ್ದ ಬಾಲವೇ ಇಲ್ಲ.

ಟ್ರೇಲರಿನಲ್ಲಿ ಮೊದಲು ನೋಡಬೇಕಾದ್ದು ಟೈರು. ಒಂದೇ ಆಕ್ಸಲ್ ಆದರೆ, ಕೊಂಡಿಯ 180 ಕಳೆದು ಉಳಿದ 1620 ಕೆಜಿ ಎರಡು ಚಕ್ರದ ಮೇಲೆ, ಒಂದೊಂದಕ್ಕೆ 810. ಕಾರಿನ ಟೈರಿನ ಪಕ್ಕದಲ್ಲಿ 82 ಅಂತ ಬರೆದಿದ್ದರೆ ಅದು ಹೊರುವುದು 475 ಕೆಜಿ. ಹಾಗಾಗಿ ಎರಡು ಆಕ್ಸಲ್ ಬೇಕು. ತೋಟದ ಅಂಗಳದಲ್ಲಿ ಕೈಯಿಂದ ತಳ್ಳಿ ತಿರುಗಿಸುವಾಗ ಅದು ಹಠ ಮಾಡುತ್ತದೆ, ಇರಲಿ.

ಎರಡನೆಯದು ಬ್ರೇಕು. 4 ಟನ್ ಗಾಡಿ 700 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಏಳೂವರೆ ಯೂನಿಟ್ ಕರೆಂಟಿಗೆ ಸಮ. ಅದರಲ್ಲಿ ಬಹುಪಾಲನ್ನು ಎಂಜಿನ್ ಮತ್ತು ಬ್ರೇಕುಗಳು ಶಾಖವಾಗಿ ಹೊರಹಾಕಬೇಕು. ಬ್ರೇಕೇ ಇಲ್ಲದ ಟ್ರೇಲರ್ ಆದರೆ ಆ ಹೊರೆಯೆಲ್ಲ ಎಳೆಯುವ ಗಾಡಿಯ ಪಾಲಿಗೆ. ಚಾರ್ಮಾಡಿಯಲ್ಲಿ ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿಯಿರಿ. ಇಳಿಜಾರಿನಲ್ಲಿ ಟ್ರೇಲರ್ ಹಿಂದಿನಿಂದ ತಳ್ಳುತ್ತಿರುತ್ತದೆ, ಓಲಾಟ ಕಡಿಮೆ ವೇಗಕ್ಕೇ ಶುರುವಾಗುತ್ತದೆ. ಶುರುವಾದರೆ ಆಕ್ಸಿಲರೇಟರ್ ಬಿಡಿ, ಸ್ಟೇರಿಂಗ್ ನೆಟ್ಟಗೆ ಹಿಡಿಯಿರಿ, ಟ್ರೇಲರಿಗೆ ಬೇರೆ ಬ್ರೇಕ್ ಸ್ವಿಚ್ ಇದ್ದರೆ ಅದನ್ನು ಮಾತ್ರ ಒತ್ತಿ. "ಜೋರಾಗಿ ಎಳೆದರೆ ನೆಟ್ಟಗಾಗುತ್ತೆ" ಅನ್ನುವವರಿಗೆ ಮೇಲಿನ ಡಿಗ್ರಿ ಲೆಕ್ಕ ತೋರಿಸಿ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಅದಕ್ಕೂ ಕೆಎ 13 ಅಂತಲೋ ಕೆಎ 18 ಅಂತಲೋ ಸ್ವಂತ ನೋಂದಣಿ ಬೇಕು.

ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವುದಾದರೆ ಅಳತೆ ಕೊಡುವ ದಿನವೇ ಒಂದು ಮಾತು ಹೇಳಿ. ಕಾರು ನಿಲ್ಲುವ ಹಲಗೆಯ ಮುಂದೆ ಇನ್ನೂ ಅರ್ಧ ಮೀಟರ್ ಜಾಗ ಬೇಕು, ಮೂಕಿ ಅಷ್ಟಕ್ಕೆ ತಕ್ಕ ಉದ್ದ ಇರಬೇಕು. ಹಲಗೆಯ ಮೇಲೆ ಬಣ್ಣದಲ್ಲಿ ಎರಡು ಗೆರೆ ಎಳೆಸಿ. ಬಿಳಿ ಗೆರೆ, ಕಾರು ಮೂತಿ ಮುಂದೆ ಮಾಡಿ ಹತ್ತಿದಾಗ ಚಕ್ರ ನಿಲ್ಲುವ ಜಾಗ. ಅದಕ್ಕಿಂತ ಅರ್ಧ ಮೀಟರ್ ಮುಂದಿನ ಕೆಂಪು ಗೆರೆ, ಮುರಿದ ಕಾರನ್ನು ಹಿಮ್ಮುಖವಾಗಿ ಹತ್ತಿಸಿದಾಗ. ಎರಡೂ ಕಡೆ ಬೆಲ್ಟ್ ಕಟ್ಟುವ ಬಳೆಗಳನ್ನೂ ಆಗಲೇ ಹಾಕಿಸಿಬಿಡಿ.